ನಾಬ್ ಯಾರ ಕೈಗೆ ಸಿಗಬೇಕು?

ಕಳೆದ ವರ್ಷ ದಸರಾ ರಜೆಯಲ್ಲಿ ಮಗಳಿಗೆ ಎಲೆಕ್ಟ್ರಿಕ್ ಗಿಟಾರ್ ಕೊಡಿಸಲೆಂದು ಪುಣೆಯ ಒಂದು ಅಂಗಡಿಗೆ ಹೋಗಿದ್ದೆವು. ಅವಳಿಗೆ ಹದಿಮೂರು ವರ್ಷ, ಎಡಚಿ. ಅಂಗಡಿಯಲ್ಲಿ ಎಡಗೈಯವರ ಗಿಟಾರ್ ಒಂದೂ ಇರಲಿಲ್ಲ. ಮಾರುವ ಹುಡುಗ ಸ್ಟ್ರಾಟೋಕ್ಯಾಸ್ಟರ್ ಮಾದರಿಯ ಗಿಟಾರೊಂದನ್ನು ತಲೆಕೆಳಗಾಗಿ ತಿರುಗಿಸಿ ಅವಳ ಕೊರಳಿಗೆ ಹಾಕಿದ. ಅವಳು ನಾಲ್ಕು ಸಲ ತಂತಿ ಮೀಟಿದಳು, ಐದನೇ ಸಲಕ್ಕೆ ಶಬ್ದವೇ ಇಲ್ಲ. ಕೇಬಲ್ ಕಿತ್ತುಬಂತೇನೋ ಎಂದು ನೋಡಿದರೆ ಅದು ಸರಿಯಾಗಿಯೇ ಇತ್ತು. ಕೆಳಗಿರಬೇಕಾದ ವಾಲ್ಯೂಮ್ ನಾಬ್ ಈಗ ಮೇಲೆ ಬಂದಿತ್ತು. ಮೀಟುವಾಗ ಅವಳ ಮುಂಗೈ ಅದಕ್ಕೆ ಉಜ್ಜಿ, ನಾಬ್ ತಾನಾಗಿ ಸೊನ್ನೆಗೆ ತಿರುಗಿತ್ತು.

"ಬಲಗೈಯಲ್ಲೇ ಕಲಿಸಿಬಿಡಿ ಸರ್, ಎಲ್ಲರೂ ಹಾಗೇ ಮಾಡ್ತಾರೆ" ಎಂದ ಹುಡುಗ. ಮನೆಗೆ ಬಂದು ಅವ್ವನಿಗೆ ಹೇಳಿದರೆ ಅವಳದೂ ಅದೇ ಮಾತು. "ನಿನಗೂ ಹಂಗ ರೂಢಿ ಮಾಡಿಸಿದ್ವಿ. ಏನಾತು ಈಗ?"

ಏನೂ ಆಗಿಲ್ಲ, ನಿಜ. ನಾನೂ ಹುಟ್ಟಿನಿಂದ ಎಡಚ. ಒಂದನೇ ಇಯತ್ತೆಯಲ್ಲಿ ಮಾಸ್ತರರು ಫೂಟ್‌ಪಟ್ಟಿಯಿಂದ ಗೆಣ್ಣಿಗೆ ಹೊಡೆದು ಬಲಗೈಗೆ ಬಳಪ ಹಿಡಿಸಿದರು. ಇವತ್ತಿಗೂ ನನ್ನ ಅಕ್ಷರ ನನಗೇ ಓದಲು ಬರುವುದಿಲ್ಲ. ಕೀಬೋರ್ಡು ಬಂದು ಮಾನ ಉಳಿಸಿತು. ಆದರೆ ಅಂಗಡಿಯಲ್ಲಿ ಸತ್ತುಹೋದ ಆ ಐದನೇ ಮೀಟು ತಲೆಯಲ್ಲಿ ಉಳಿಯಿತು. ಈ ನಾಬ್ ಇಲ್ಲೇ ಇರಬೇಕೆಂದು ಯಾರು, ಯಾವಾಗ, ಯಾಕೆ ತೀರ್ಮಾನಿಸಿದರು? ಕೆದಕುತ್ತ ಹೋದಾಗ ಸಿಕ್ಕ ಚರಿತ್ರೆ ಇದು.

ಮೊದಲಿಗೆ ಗಿಟಾರಿನ ಮೇಲೆ ನಾಬ್ ಬಂದದ್ದೇ ರೇಡಿಯೋದ ಕೃಪೆಯಿಂದ. ನಮ್ಮ ವೀಣೆ, ತಂಬೂರಿಗಳಲ್ಲಿ ತಿರುಗಿಸುವುದೆಂದರೆ ಬಿರಡೆ ಮಾತ್ರ, ಅದು ಶ್ರುತಿಗೆ. ದನಿಯ ಏರಿಳಿತ ಬೆರಳಿನ ಬಲಕ್ಕೆ ಬಿಟ್ಟದ್ದು. ಗಿಟಾರೂ ಹಾಗೆಯೇ ಇತ್ತು. 1930ರ ದಶಕದ ಆರಂಭದಲ್ಲಿ ಲಾಸ್ ಏಂಜಲೀಸಿನಲ್ಲಿ ಜಾರ್ಜ್ ಬೋಶಾಂಪ್ ಎಂಬ ವಾದಕ ಮತ್ತು ಅಡಾಲ್ಫ್ ರಿಕನ್‌ಬ್ಯಾಕರ್ ಎಂಬ ಉದ್ಯಮಿ ಸೇರಿ, ತಂತಿಯ ಕಂಪನವನ್ನು ಅಯಸ್ಕಾಂತ ಮತ್ತು ತಾಮ್ರದ ಸುರುಳಿಯಿಂದ ವಿದ್ಯುತ್ ಸಂಕೇತವಾಗಿಸುವ ಪಿಕಪ್ಪನ್ನು ಗಿಟಾರಿಗೆ ಕೂಡಿಸಿದರು. ಅಲ್ಯೂಮಿನಿಯಂ ಒಡಲಿನ ಆ ವಾದ್ಯ ನೋಡಲು ಬಾಣಲೆಯಂತಿದ್ದುದರಿಂದ ಅದಕ್ಕೆ 'ಫ್ರೈಯಿಂಗ್ ಪ್ಯಾನ್' ಎಂದೇ ಹೆಸರಾಯಿತು.

ಇದು ಹವಾಯಿ ಶೈಲಿಯ ವಾದ್ಯ. ತೊಡೆಯ ಮೇಲೆ ಅಡ್ಡ ಮಲಗಿಸಿ, ಎಡಗೈಯಲ್ಲಿ ಉಕ್ಕಿನ ತುಂಡನ್ನು ಜಾರಿಸುತ್ತ ನುಡಿಸುವುದು. ಹಾಗಾಗಿ ನಾಬ್ ಎಲ್ಲಿದ್ದರೂ ಮೇಲಿನಿಂದ ಕಣ್ಣಿಗೆ ಕಾಣುತ್ತಿತ್ತು. ಬಲಗೈ ಬೆರಳುಗಳು ತಂತಿ ಮೀಟುತ್ತಿದ್ದರೆ ಕಿರುಬೆರಳು ನಾಬ್ ತಿರುಗಿಸಬಹುದಿತ್ತು. ತಂತಿ ಮೀಟುವಾಗ ವಾಲ್ಯೂಮ್ ತಗ್ಗಿಸಿ, ಮೀಟಿದ ಮೇಲೆ ಏರಿಸಿದರೆ ಮೀಟಿನ 'ಟಣ್' ಮಾಯವಾಗಿ ಸ್ವರ ಎಲ್ಲಿಂದಲೋ ತೇಲಿಬಂದಂತೆ ಕೇಳುತ್ತದೆ. ಸ್ಟೀಲ್ ಗಿಟಾರಿನ ಆ ಅಳುವ ದನಿಯ ಹಿಂದಿರುವುದು ಈ ಕಿರುಬೆರಳ ಕೆಲಸ. ಶಬ್ದದ ಮಟ್ಟ ಹೊಂದಿಸಲು ಇಟ್ಟ ನಾಬ್ ಹೀಗೆ ವಾದ್ಯದ ಭಾಗವೇ ಆಗಿಬಿಟ್ಟಿತು.

ತೊಡೆಯಿಂದ ಎದೆಗೆ ಬಂದಾಗ ಕಷ್ಟ ಶುರುವಾಯಿತು. ಗಿಬ್ಸನ್ ಕಂಪನಿ 1936ರಲ್ಲಿ ಇಎಸ್-150 ಎಂಬ ಟೊಳ್ಳು ಒಡಲಿನ ಎಲೆಕ್ಟ್ರಿಕ್ ಗಿಟಾರ್ ತಂದಿತು. ಜ್ಯಾಜ್ ವಾದಕ ಚಾರ್ಲಿ ಕ್ರಿಶ್ಚಿಯನ್ ಕೈಯಲ್ಲಿ ಅದು ಹೆಸರು ಮಾಡಿತು. ಅದಕ್ಕೊಂದು ವಾಲ್ಯೂಮ್, ಒಂದು ಟೋನ್. ಎರಡೂ ಕೆಳಗಿನ ಅಂಚಿನ ಕಡೆ, ತಂತಿಗಳಿಂದ ದೂರ. ಹಾಡಿಗೆ ಮೊದಲು ಹೊಂದಿಸಿಕೊಂಡು ಆಮೇಲೆ ಮರೆತುಬಿಡಬೇಕಾದ ವಸ್ತುಗಳಂತೆ, ನಮ್ಮ ಮನೆಯ ಮರ್ಫಿ ರೇಡಿಯೋದ ನಾಬುಗಳ ಹಾಗೆ.

ಇನ್ನು ಲಿಯೋ ಫೆಂಡರ್. 1909ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದವನು, ಓದಿದ್ದು ಅಕೌಂಟಿಂಗ್. 1938ರಲ್ಲಿ ಫುಲರ್ಟನ್ ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ತೆರೆದ. ಅವನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಆದರೆ ರಿಪೇರಿಯವನಾದ್ದರಿಂದ ಯಾವ ಸಾಮಾನು ಎಲ್ಲಿ ಕೆಡುತ್ತದೆ, ಬಿಚ್ಚಲು ಎಷ್ಟು ಹೊತ್ತು ಬೇಕು ಎಂಬುದು ಚೆನ್ನಾಗಿ ಗೊತ್ತಿತ್ತು. 1950ರಲ್ಲಿ ಅವನ ಕಂಪನಿ ತಂದ ಗಟ್ಟಿ ಮರದ ಗಿಟಾರ್, 1951ರಿಂದ 'ಟೆಲಿಕ್ಯಾಸ್ಟರ್' ಎಂದು ಹೆಸರಾದದ್ದು, ಆ ತಿಳಿವಳಿಕೆಯ ಕೂಸು. ಒಂದು ಉದ್ದನೆಯ ಲೋಹದ ಪಟ್ಟಿ, ಅದರ ಮೇಲೆ ಸಾಲಾಗಿ ಸ್ವಿಚ್ ಮತ್ತು ಎರಡು ನಾಬ್. ಎರಡು ಸ್ಕ್ರೂ ಬಿಚ್ಚಿದರೆ ಪಟ್ಟಿಯೊಂದಿಗೆ ಎಲ್ಲವೂ ಹೊರಗೆ ಬರುತ್ತದೆ. ರಿಪೇರಿಯವನಿಗೆ ಇದಕ್ಕಿಂತ ಸುಖವಿಲ್ಲ. ನುಡಿಸುವವನಿಗೆ ಮಾತ್ರ ಒಂದು ಸಣ್ಣ ತಕರಾರು: ಸ್ವಿಚ್ ಮತ್ತು ವಾಲ್ಯೂಮ್ ಒತ್ತೊತ್ತಾಗಿವೆ, ಅವಸರದಲ್ಲಿ ಸ್ವಿಚ್ ತಳ್ಳಲು ಹೋದರೆ ಬೆರಳು ನಾಬಿಗೆ ತಾಗುತ್ತದೆ. ಇವತ್ತಿಗೂ ಆ ಪಟ್ಟಿಯನ್ನು ಹಿಂದುಮುಂದಾಗಿ ತಿರುಗಿಸಿ ಕೂಡಿಸಿಕೊಳ್ಳುವವರಿದ್ದಾರೆ.

1952ರಲ್ಲಿ ಗಿಬ್ಸನ್ ಉತ್ತರ ಕೊಟ್ಟಿತು. ಪ್ರಸಿದ್ಧ ವಾದಕನ ಹೆಸರಿನಲ್ಲೇ ಬಂದ 'ಲೆಸ್ ಪಾಲ್' ಗಿಟಾರಿನಲ್ಲಿ ನಾಲ್ಕು ನಾಬ್: ಎರಡು ಪಿಕಪ್ಪಿಗೂ ಒಂದೊಂದು ವಾಲ್ಯೂಮ್, ಒಂದೊಂದು ಟೋನ್. ಸ್ವಿಚ್ ಮಾತ್ರ ಅವುಗಳಿಂದ ದೂರ, ಗಿಟಾರಿನ ಮೇಲಿನ ಭುಜದಲ್ಲಿ. ಒಂದು ಪಿಕಪ್ಪನ್ನು ಹಾಡಿನ ಜೊತೆ ಮೆತ್ತಗೆ ನುಡಿಸಲು, ಇನ್ನೊಂದನ್ನು ಏಕವಾದನಕ್ಕೆ ಜೋರಾಗಿ ಹೊಂದಿಸಿಟ್ಟರೆ ಆಟದ ನಡುವೆ ಒಂದೇ ತಟ್ಟಿಗೆ ಬದಲಾಯಿಸಬಹುದು. ಸ್ವಿಚ್ ಆಕಸ್ಮಿಕವಾಗಿ ಕೈಗೆ ತಾಗುವ ಭಯವಿಲ್ಲ. ಆದರೆ ನುಡಿಸುತ್ತಲೇ ಕಿರುಬೆರಳಿನಿಂದ ವಾಲ್ಯೂಮ್ ತಿರುಗಿಸಬೇಕೆಂದರೆ ನಾಬ್ ದೂರ. ಇದು ಮೊದಲೇ ಹೊಂದಿಸಿಟ್ಟುಕೊಳ್ಳುವವರ ಗಿಟಾರ್.

ಎರಡು ವರ್ಷದ ನಂತರ, 1954ರಲ್ಲಿ, ಫೆಂಡರ್ ಸ್ಟ್ರಾಟೋಕ್ಯಾಸ್ಟರ್ ಬಂತು. ಇದರ ಹುಟ್ಟಿನ ಕಥೆ ನಮ್ಮಂಥ ಸಾಫ್ಟ್‌ವೇರ್ ಜನಕ್ಕೆ ಪಾಠದಂತಿದೆ. ತನಗೆ ನುಡಿಸಲು ಬಾರದ ಲಿಯೋ, ವಾದಕರನ್ನು ಕಾರ್ಖಾನೆಗೆ ಕರೆದು ಅವರ ದೂರು ಕೇಳುತ್ತಿದ್ದ. ಬಿಲ್ ಕಾರ್ಸನ್, ರೆಕ್ಸ್ ಗ್ಯಾಲಿಯನ್ ಮೊದಲಾದವರು ಟೆಲಿಕ್ಯಾಸ್ಟರಿನ ಚೂಪು ಅಂಚು ಪಕ್ಕೆಲುಬಿಗೆ ಒತ್ತುತ್ತದೆ ಎಂದು ಗೊಣಗಿದರು. ಮರವನ್ನು ಹೊಟ್ಟೆಯ ಕಡೆಗೂ ಮುಂಗೈಯ ಕಡೆಗೂ ಹೆರೆದು ಬಳುಕು ಕೊಟ್ಟದ್ದು ಅದಕ್ಕೇ. 1953ರಲ್ಲಿ ಕಂಪನಿ ಸೇರಿದ ಫ್ರೆಡ್ಡಿ ಟವಾರೆಸ್ ಗಿಟಾರಿನ ಒಡಲಿನ ನಕ್ಷೆ ಬರೆದ. ಅವನು ಹವಾಯಿಯವನು, ಸ್ಟೀಲ್ ಗಿಟಾರ್ ವಾದಕ. ವಾಲ್ಯೂಮ್ ನಾಬ್ ತಂತಿಗಳಿಗೆ ಒಂದೆರಡು ಬೆರಳಗಲದಷ್ಟು ಹತ್ತಿರ ಬಂತು. ಸ್ವರ ನಡುಗಿಸುವ ಲೋಹದ ಕಡ್ಡಿಯೂ ಅದೇ ಅಂಗೈಯ ಅಳತೆಯೊಳಗೆ. ತೊಡೆಯ ಮೇಲಿನ ವಾದ್ಯದಲ್ಲಿ ಕಿರುಬೆರಳಿಗಿದ್ದ ಸ್ವಾತಂತ್ರ್ಯ ಎದೆಯ ಮೇಲಿನ ವಾದ್ಯಕ್ಕೆ ಮರಳಿತು.

ಆ ಸ್ವಾತಂತ್ರ್ಯದಿಂದ ಏನಾಗಬಹುದೆಂದು ತಿಳಿಯಲು ಜೆಫ್ ಬೆಕ್ ನುಡಿಸುವುದನ್ನು ನೋಡಬೇಕು. ಹೆಬ್ಬೆರಳಿನಿಂದ ಮೀಟುತ್ತ, ಕಿರುಬೆರಳಿನಿಂದ ವಾಲ್ಯೂಮ್ ತಿರುಗಿಸುತ್ತ, ಅಂಗೈಯಲ್ಲಿ ಕಡ್ಡಿ ಅದುಮುತ್ತ ಅವನು ಗಿಟಾರನ್ನು ಮನುಷ್ಯರಂತೆ ಹಾಡಿಸಿದ. ಎಡ್ಡಿ ವ್ಯಾನ್ ಹೇಲನ್‌ನ ದಾರಿ ಬೇರೆ. ತಾನೇ ಜೋಡಿಸಿಕೊಂಡ ಗಿಟಾರಿನಲ್ಲಿ ಉಳಿದದ್ದನ್ನೆಲ್ಲ ಕಿತ್ತುಹಾಕಿ ಒಂದೇ ವಾಲ್ಯೂಮ್ ಉಳಿಸಿಕೊಂಡ. ತಮಾಷೆಯೆಂದರೆ ಅದರ ಮೇಲೆ 'ಟೋನ್' ಎಂದು ಬರೆದಿತ್ತು. ಕೈಗೆ ಬೇಡದ್ದು ಕೈಗೆ ಅಡ್ಡ ಎಂಬುದು ಅವನ ಲೆಕ್ಕ. ಅದೇ ಸ್ಟ್ರಾಟೋಕ್ಯಾಸ್ಟರಿನಲ್ಲಿ ರಭಸವಾಗಿ ಮೀಟುವ ಎಷ್ಟೋ ಜನ ಕೈ ತಾಗಿ ನಾಬ್ ತಿರುಗಿಹೋಗುತ್ತದೆಂದು ಶಪಿಸುತ್ತಾರೆ. ಒಬ್ಬನ ಅನುಕೂಲ ಇನ್ನೊಬ್ಬನ ಅಡಚಣೆ.

ಲಿಯೋ ಎಲ್ಲವನ್ನೂ ಸರಿಯಾಗಿಯೇ ಊಹಿಸಿದನೆಂದಲ್ಲ. ಸ್ಟ್ರಾಟೋಕ್ಯಾಸ್ಟರಿನಲ್ಲಿ ಮೂರು ಪಿಕಪ್, ಆದರೆ ಟೋನ್ ನಾಬ್ ಎರಡೇ. ಎಲ್ಲಕ್ಕಿಂತ ಚುರುಕು ದನಿಯ, ಬ್ರಿಜ್ ಬಳಿಯ ಪಿಕಪ್ಪಿಗೇ ಟೋನ್ ಇಲ್ಲ. ಸ್ವಿಚ್ಚಿಗೆ ಮೂರೇ ನಿಲುಗಡೆ. ವಾದಕರು ಅದನ್ನು ಎರಡು ನಿಲುಗಡೆಗಳ ನಡುವೆ ಸಿಕ್ಕಿಸಿ ನಿಲ್ಲಿಸಿ, ಎರಡು ಪಿಕಪ್ ಕೂಡಿದಾಗ ಬರುವ, ಮೂಗಿನಲ್ಲಿ ಉಲಿದಂಥ ದನಿಯನ್ನು ಕಂಡುಕೊಂಡರು. ಕಾರ್ಖಾನೆ ಅದನ್ನು ಒಪ್ಪಿ ಐದು ನಿಲುಗಡೆಯ ಸ್ವಿಚ್ ಕೊಟ್ಟದ್ದು 1977ರಲ್ಲಿ. ಇಪ್ಪತ್ಮೂರು ವರ್ಷ! ಆ ಹೊತ್ತಿಗೆ ಲಿಯೋ ಕಂಪನಿ ಮಾರಿ ಹನ್ನೆರಡು ವರ್ಷವಾಗಿತ್ತು. ಬಳಕೆದಾರರ ಒಂದು ಕೋರಿಕೆ ಎರಡು ವರ್ಷ ಬಾಕಿ ಉಳಿದರೆ ಮೀಟಿಂಗಿನಲ್ಲಿ ತಲೆ ತಗ್ಗಿಸುವ ನನಗೆ ಇದನ್ನು ಓದಿ ಸ್ವಲ್ಪ ಸಮಾಧಾನವಾಯಿತು.

1958ರ ಜ್ಯಾಜ್‌ಮಾಸ್ಟರ್ ಇನ್ನೊಂದು ಉದಾಹರಣೆ. ಕೂತು ನುಡಿಸುವ ಜ್ಯಾಜ್ ವಾದಕರಿಗೆಂದು ಸೊಂಟವನ್ನು ಓರೆಯಾಗಿಸಿ, ಮೇಲಿನ ಭುಜದಲ್ಲಿ ಬೇರೆಯೇ ಒಂದು ಸರ್ಕ್ಯೂಟು, ಅದಕ್ಕೊಂದು ಸ್ವಿಚ್ಚು, ಕೈಗೆ ತಾಗದಂತೆ ಹುದುಗಿಸಿದ ಎರಡು ಚಕ್ರಗಳನ್ನು ಕೊಟ್ಟರು. ಇಷ್ಟೆಲ್ಲ ಕಾಳಜಿ ಮಾಡಿದರೂ ಜ್ಯಾಜ್‌ನವರಲ್ಲಿ ಹೆಚ್ಚಿನವರು ಅದನ್ನು ಮುಟ್ಟಲಿಲ್ಲ. ಕ್ಯಾಲಿಫೋರ್ನಿಯಾದ ಕಡಲತೀರದ ಸರ್ಫ್ ಸಂಗೀತದ ಹುಡುಗರು ಎತ್ತಿಕೊಂಡರು.

ಈ ಎಲ್ಲ ಅಳತೆಗಳ ಹಿಂದೆ ಒಂದು ಕೈಯಿದೆ ಎಂಬುದನ್ನು ಗಮನಿಸಿ: ಬಲಗೈ. ಬಲಗೈ ಮೀಟುತ್ತದೆ, ಆದ್ದರಿಂದ ನಾಬ್ ಬಲಗೈಯ ಕೆಳಗೆ. ಅದನ್ನು ತಿರುಗಿಸಿ ಹಿಡಿದರೆ ಏನಾಗುತ್ತದೆ ಎಂಬುದನ್ನು ಜಗತ್ತು ಜಿಮಿ ಹೆಂಡ್ರಿಕ್ಸ್‌ನಲ್ಲಿ ಕಂಡಿತು. 1942ರಲ್ಲಿ ಸಿಯಾಟಲ್‌ನಲ್ಲಿ ಹುಟ್ಟಿದ ಎಡಚ. ಎಡಗೈ ಬಳಸುವುದು ಅಪ್ಪನಿಗೆ ಸೇರುತ್ತಿರಲಿಲ್ಲ, ಅವನೆದುರು ಜಿಮಿ ಬಲಗೈಯಲ್ಲಿ ನುಡಿಸುತ್ತಿದ್ದ ಎಂಬ ಮಾತಿದೆ. ಇದನ್ನು ಓದಿದಾಗ ನನ್ನ ಗೆಣ್ಣು ಚುರ್ ಎಂದಿತು.

ಅವನು ಬಲಗೈ ಸ್ಟ್ರಾಟೋಕ್ಯಾಸ್ಟರನ್ನೇ ತಲೆಕೆಳಗಾಗಿಸಿ, ತಂತಿಗಳನ್ನು ಅದಲುಬದಲು ಮಾಡಿಕೊಂಡು ನುಡಿಸಿದ. 1969ರ ಆಗಸ್ಟ್ 18ರ ಬೆಳಿಗ್ಗೆ ವುಡ್‌ಸ್ಟಾಕ್‌ನಲ್ಲಿ ಬಿಳಿ ಗಿಟಾರಿನಲ್ಲಿ ಅವನು ಅಮೆರಿಕದ ರಾಷ್ಟ್ರಗೀತೆ ನುಡಿಸುವ ಚಿತ್ರಣ ನೋಡಿ: ನಾಬು, ಕಡ್ಡಿ, ಕೇಬಲ್ ಸಿಕ್ಕಿಸುವ ತೂತು ಎಲ್ಲವೂ ಮೇಲುಗಡೆ, ಮುಂಗೈಯ ದಾರಿಯಲ್ಲೇ. ನನ್ನ ಮಗಳ ದನಿ ನಿಲ್ಲಿಸಿದ್ದ ಅದೇ ಏರ್ಪಾಟು. ಬ್ಲೂಸ್ ವಾದಕ ಆಲ್ಬರ್ಟ್ ಕಿಂಗ್ ಇನ್ನೂ ಮುಂದೆ ಹೋಗಿ, ಬಲಗೈ ಗಿಟಾರನ್ನು ತಂತಿ ಬದಲಿಸದೆಯೇ ತಿರುಗಿಸಿ ಹಿಡಿದ. ದಪ್ಪ ತಂತಿ ಕೆಳಗೆ, ಸಣ್ಣ ತಂತಿ ಮೇಲೆ. ಸಣ್ಣ ತಂತಿಯನ್ನು ಕೆಳಕ್ಕೆ ಎಳೆದು ಸ್ವರ ಬಾಗಿಸುವ ಅವನ ಶೈಲಿಯನ್ನು ಬಲಗೈಯವರು ಅನುಕರಿಸಲು ಹೆಣಗಿದರು.

ಇವರನ್ನು ತೋರಿಸಿ "ನೋಡು, ಮನಸ್ಸಿದ್ದರೆ ಹೇಗಾದರೂ ನುಡಿಸಬಹುದು" ಎಂದು ಮಗಳಿಗೆ ಉಪದೇಶ ಮಾಡುವುದು ಸುಲಭ. ನಾನೂ ಮಾಡಲು ಹೊರಟಿದ್ದೆ. ಆದರೆ ಹೆಂಡ್ರಿಕ್ಸ್ ಗೆದ್ದ ಎಂದಮಾತ್ರಕ್ಕೆ ನಾಬ್ ಸರಿಯಾದ ಜಾಗದಲ್ಲಿತ್ತು ಎಂದಾಗುವುದಿಲ್ಲ. ಮುಂಗೈ ತಾಗಿ ದನಿ ಸತ್ತು, ತಪ್ಪು ತಮ್ಮದೇ ಎಂದುಕೊಂಡು ಗಿಟಾರ್ ಕೆಳಗಿಟ್ಟ ಎಡಚರ ಹೆಸರು ಯಾವ ಚರಿತ್ರೆಯಲ್ಲೂ ಇಲ್ಲ. ಟೆಲಿಕ್ಯಾಸ್ಟರ್ ಪಕ್ಕೆಗೆ ಒತ್ತುತ್ತದೆ ಎಂದಾಗ ಲಿಯೋ "ರೂಢಿ ಮಾಡಿಕೊಳ್ಳಿ" ಎನ್ನಲಿಲ್ಲ, ಮರ ಹೆರೆದ. ಮರ ಹೆರೆಯಬಹುದಾದಾಗ ಮಗುವನ್ನು ಯಾಕೆ ಹೆರೆಯಬೇಕು?

ಎಡಗೈಯವರ ಗಿಟಾರನ್ನು ತರಿಸಲು ಏಳು ವಾರ ಹಿಡಿಯಿತು, ದುಡ್ಡೂ ಹೆಚ್ಚು ಬಿತ್ತು. ದೀಪಾವಳಿ ಮುಗಿದ ಮೇಲೆ ಬಂತು. ಪೆಟ್ಟಿಗೆ ಬಿಚ್ಚಿದಾಗ ಅವ್ವ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದಳು.

"ಇದು ತಿರುವುಮುರುವು ಆಗೇತಲ್ಲೋ?"

ಮಗಳು ಬೆಲ್ಟು ಹಾಕಿಕೊಂಡು ಒಂದು ಸಲ ಮೀಟಿದಳು. ಕಿರುಬೆರಳು ತಾನಾಗಿ ನಾಬಿನ ಮೇಲೆ ಹೋಗಿ ಕೂತಿತು. "ಇಲ್ಲ ಅಜ್ಜಿ, ಈಗ ಸರಿ ಆಗೇದ" ಎಂದಳು.

ಅವ್ವ ನನ್ನ ಬಲಗೈ ಕಡೆ ಒಮ್ಮೆ ನೋಡಿದಳು. ಏನೂ ಅನ್ನಲಿಲ್ಲ. ಅಡಿಗೆಮನೆಗೆ ಹೋಗಿ ಒಂದು ಉಂಡಿ ತಂದು ಮೊಮ್ಮಗಳ ಎಡಗೈಗೇ ಕೊಟ್ಟಳು.