ಮುಚ್ಚಿದ ಕಟ್ಟೆಗಳು: ಹವ್ಯಾಸಿ ಛಾಯಾಗ್ರಾಹಕರ ಕೂಟಗಳ ಇತಿಹಾಸ

ಯಾವುದೇ ಕಲೆ ಬೆಳೆಯಬೇಕಾದರೆ ಕಲಾವಿದನೊಬ್ಬನಿದ್ದರೆ ಸಾಲದು. ಅವನ ಕೆಲಸವನ್ನು ನೋಡಿ ತಪ್ಪನ್ನು ತಿದ್ದುವವರು, ಒಳ್ಳೆಯದನ್ನು ಮೆಚ್ಚುವವರು ಬೇಕು. ಉರ್ದು ಕಾವ್ಯ ಪರಂಪರೆಯಲ್ಲಿ ಇದಕ್ಕೆ ‘ಇಸ್ಲಾಹ್’ ಎನ್ನುತ್ತಾರೆ. ಶಾಗಿರ್ದನು ತಾನು ಬರೆದ ಗಜಲನ್ನು ಉಸ್ತಾದರ ಮುಂದಿಡುತ್ತಾನೆ. ಉಸ್ತಾದರು ಅಲ್ಲಲ್ಲಿ ಪದ ಬದಲಿಸಿ, ಏಕೆ ಬದಲಿಸಿದೆ ಎಂಬುದನ್ನೂ ಹೇಳಿಕೊಡುತ್ತಾರೆ. ನೇಕಾರಿಕೆ, ಸಂಗೀತ, ಕುಸ್ತಿ ಎಲ್ಲವೂ ನಮ್ಮಲ್ಲಿ ಹೀಗೆಯೇ ಒಬ್ಬರಿಂದ ಒಬ್ಬರಿಗೆ ಬಂದಿವೆ.

ಛಾಯಾಗ್ರಹಣ ಇವುಗಳಿಗಿಂತ ಬಹಳ ಹೊಸದು. 1839ರಲ್ಲಿ ಫ್ರಾನ್ಸಿನಲ್ಲಿ ಡಾಗೇರನ ವಿಧಾನವನ್ನು ಬಹಿರಂಗಪಡಿಸಿದ ಮೇಲೆ ಅದು ಜಗತ್ತಿಗೆ ಹರಡಿತು. ಮನೆತನದಿಂದ ಬಂದ ವಿದ್ಯೆ ಅಲ್ಲವಾದ್ದರಿಂದ ಹವ್ಯಾಸಿಗಳು ಕಲಿಯಲಿಕ್ಕೆ ತಾವೇ ಕೂಟಗಳನ್ನು ಕಟ್ಟಿಕೊಂಡರು. ಮೊದಲು ಅವು ನಗರಗಳ ಸಂಘಗಳಾಗಿದ್ದವು. ಆಮೇಲೆ ಅಂತರ್ಜಾಲದ ಚರ್ಚಾಕಟ್ಟೆಗಳಾದವು. ಈ ಎರಡನೆಯ ಬಗೆಯ ಕಟ್ಟೆಗಳು ಸುಮಾರು ಮೂರು ದಶಕಗಳೊಳಗೆ ಹುಟ್ಟಿ, ಬೆಳೆದು, ಒಂದೊಂದಾಗಿ ಸೊರಗಿದವು. ಈ ಕಥೆಯನ್ನು ರೋಣ, ನರಗುಂದ, ಗಜೇಂದ್ರಗಡದ ವಿದ್ಯಾರ್ಥಿಗಳು ತಿಳಿಯುವುದು ಅವಶ್ಯ. ಇಂದು ಮನೆಮನೆಯಲ್ಲೂ ಕ್ಯಾಮೆರಾ ಇದೆ; ತೆಗೆದ ಚಿತ್ರ ಎಲ್ಲಿ ಉಳಿಯುತ್ತದೆ ಎಂಬ ಯೋಚನೆ ಮಾತ್ರ ಕಡಿಮೆ.

ಗದಗ ಸೀಮೆಯ ಹಳೆಯ ಚಿತ್ರಗಳು

ಭಾರತದಲ್ಲಿ ಛಾಯಾಗ್ರಾಹಕರ ಮೊದಲ ಸಂಘ 1854ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾಯಿತು. 1856ರಲ್ಲಿ ಕಲ್ಕತ್ತ ಮತ್ತು ಮದ್ರಾಸಿನಲ್ಲೂ ಸಂಘಗಳು ಹುಟ್ಟಿದವು. ಅದೇ ಕಾಲದಲ್ಲಿ ಮುಂಬಯಿ ಸರಕಾರವು ತನ್ನ ಪ್ರಾಂತ್ಯದ ಹಳೆಯ ಕಟ್ಟಡಗಳ ಚಿತ್ರ ತೆಗೆಯಲು ಥಾಮಸ್ ಬಿಗ್ಸ್ ಎಂಬ ಫಿರಂಗಿ ದಳದ ಅಧಿಕಾರಿಯನ್ನು ನೇಮಿಸಿತು. ಅವರು ಸೈನ್ಯಕ್ಕೆ ಮರಳಿದಾಗ ಡಾ. ವಿಲಿಯಂ ಪಿಗೋ ಎಂಬ ವೈದ್ಯರು ಆ ಕೆಲಸ ಮುಂದುವರಿಸಿದರು. ಗದಗ, ಲಕ್ಕುಂಡಿ, ಡಂಬಳದ ಗುಡಿಗಳ ಚಿತ್ರಗಳು ಹೀಗೆ ಮೂಡಿಬಂದವು. ಗದಗ ಆಗ ಧಾರವಾಡ ಜಿಲ್ಲೆಯಲ್ಲಿತ್ತು. ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ.

ಬಿಗ್ಸ್ ಮತ್ತು ಪಿಗೋ ಇಬ್ಬರದೂ ಮೂಲ ವೃತ್ತಿ ಬೇರೆ. ಒಬ್ಬರು ಸೈನಿಕ, ಇನ್ನೊಬ್ಬರು ವೈದ್ಯ. ಹಳೇಬೀಡಿನ ಶಿಲ್ಪಗಳ ಚಿತ್ರ ತೆಗೆದ ಎ.ಸಿ.ಬಿ. ನೀಲ್ ಕೂಡ ಮದ್ರಾಸ್ ಸೈನ್ಯದ ವೈದ್ಯರೇ. ಈ ಮೂವರ ಚಿತ್ರಗಳನ್ನು ಸೇರಿಸಿ, ಸುರಪುರದ ನಂಟಿದ್ದ ಮೆಡೋಸ್ ಟೇಲರ್ ಬರೆದ ಇತಿಹಾಸ ಹಾಗೂ ಜೇಮ್ಸ್ ಫರ್ಗುಸನ್ ಬರೆದ ಟಿಪ್ಪಣಿಗಳೊಂದಿಗೆ, ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪ ಕುರಿತ ಗ್ರಂಥವೊಂದು 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ನೂರೈವತ್ತು ವರ್ಷಗಳು ಕಳೆದರೂ ಆ ಚಿತ್ರಗಳನ್ನು ಇಂದಿಗೂ ನೋಡಬಹುದು. ಇದಕ್ಕೆ ಕಾರಣ ಎರಡು. ಅವುಗಳ ಪ್ರತಿಗಳು ಒಂದಕ್ಕಿಂತ ಹೆಚ್ಚು ಕಡೆ ಇದ್ದವು. ಅವುಗಳೊಂದಿಗೆ ಸ್ಥಳ ಯಾವುದು, ತೆಗೆದವರು ಯಾರು ಎಂಬ ಬರಹವಿತ್ತು. ಈ ಎರಡು ಮಾತುಗಳನ್ನು ಓದುಗರು ನೆನಪಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ಕರ್ನಾಟಕದ ಸಂಘಗಳು

ಇಪ್ಪತ್ತನೆಯ ಶತಮಾನದಲ್ಲಿ ಬೆಂಗಳೂರು ಹವ್ಯಾಸಿ ಛಾಯಾಗ್ರಹಣದ ದೊಡ್ಡ ಕೇಂದ್ರವಾಯಿತು. 1932ರಲ್ಲಿ ಮೈಸೂರು ಫೋಟೋಗ್ರಾಫಿಕ್ ಸೊಸೈಟಿ, 1971ರಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಅಲ್ಲಿ ಆರಂಭವಾದವು. ಸದಸ್ಯರು ತಮ್ಮ ಚಿತ್ರಗಳನ್ನು ತಂದು ಎಲ್ಲರ ಮುಂದಿಡುವುದು, ಹಿರಿಯರು ಗುಣದೋಷ ಹೇಳುವುದು, ವರ್ಷಕ್ಕೊಮ್ಮೆ ಸ್ಪರ್ಧೆ, ಪ್ರದರ್ಶನ ಇವು ಇಂತಹ ಸಂಘಗಳ ಕಾರ್ಯಕ್ರಮಗಳು. ವನ್ಯಜೀವಿ ಛಾಯಾಗ್ರಹಣದಲ್ಲಿ ಹೆಸರಾದ ಟಿ.ಎನ್.ಎ. ಪೆರುಮಾಳ್ ಅವರು ಓ.ಸಿ. ಎಡ್ವರ್ಡ್ಸ್ ಎಂಬ ಹಿರಿಯರ ಕೈಕೆಳಗೆ ಪಳಗಿದವರು. ಮುಂದೆ ಪೆರುಮಾಳರೇ ಅನೇಕ ಯುವಕರಿಗೆ ಗುರುವಾದರು. ಉಸ್ತಾದ್–ಶಾಗಿರ್ದ್ ಸಂಬಂಧ ಕ್ಯಾಮೆರಾಕ್ಕೂ ಬಂದದ್ದು ಹೀಗೆ. ಮೂಡಿಗೆರೆಯ ತೋಟದಲ್ಲಿದ್ದು ಹಕ್ಕಿಗಳ ಚಿತ್ರ ತೆಗೆದ ಪೂರ್ಣಚಂದ್ರ ತೇಜಸ್ವಿಯವರಿಂದ ಈ ಹವ್ಯಾಸ ಕನ್ನಡ ಓದುಗರ ಮನೆಗಳಿಗೂ ತಲುಪಿತು.

ಆದರೆ ಆ ಸಂಘಗಳು ದೊಡ್ಡ ನಗರದಲ್ಲಿದ್ದವು. ನಮ್ಮ ತಾಲ್ಲೂಕು ಊರುಗಳಲ್ಲಿ ಕ್ಯಾಮೆರಾ ಎಂದರೆ ಸ್ಟುಡಿಯೋದವರ ಸ್ವತ್ತು. ಕೆಲವರ ಮನೆಯಲ್ಲಿ ಆಗ್ಫಾ ಕ್ಲಿಕ್ ತ್ರೀ ಇದ್ದೀತು. ಅದರ ಒಂದು ರೀಲಿನಲ್ಲಿ 12 ಫೋಟೋ. ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ರೀಲನ್ನು ಹಿರಿಯರು ಬಲ್ಲರು. ರೀಲು ತುಂಬುವವರೆಗೆ ಕಾಯಬೇಕು, ಆಮೇಲೆ ತೊಳೆಸಬೇಕು, ಪ್ರಿಂಟಿಗೆ ದುಡ್ಡು ಕೊಡಬೇಕು. ಫೋಟೋ ಕೆಟ್ಟಿದ್ದರೆ ಏಕೆ ಕೆಟ್ಟಿತು ಎಂದು ಹೇಳುವವರು ಸಿಗುವುದು ಅಪರೂಪ. ಈ ದೂರವನ್ನು ಅಂತರ್ಜಾಲ ಅಳಿಸಿತು.

ಅಂತರ್ಜಾಲದ ಕಟ್ಟೆಗಳು

ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿದ್ದ ಫಿಲಿಪ್ ಗ್ರೀನ್‌ಸ್ಪನ್ 1993ರಲ್ಲಿ ಆರಂಭಿಸಿದ ‘ಫೋಟೋ ಡಾಟ್ ನೆಟ್’ ಈ ಬಗೆಯ ಹಳೆಯ ತಾಣಗಳಲ್ಲೊಂದು. 1998ರಲ್ಲಿ ಫಿಲ್ ಆಸ್ಕಿ ‘ಡಿಪಿರಿವ್ಯೂ’ ತಾಣವನ್ನು ಆರಂಭಿಸಿದರು. ಭಾರತದಲ್ಲಿ ವಿ.ಎಸ್.ಎನ್.ಎಲ್. 1995ರ ಆಗಸ್ಟ್ 15ರಂದು ಜನರಿಗೆ ಅಂತರ್ಜಾಲ ಸೇವೆ ಕೊಟ್ಟಿತು. 2004ರಲ್ಲಿ ‘ಫ್ಲಿಕರ್’ ಮತ್ತು ‘ಆರ್ಕುಟ್’ ಬಂದವು. 2005ರಲ್ಲಿ ಸ್ಪೇನಿನ ಇಬ್ಬರು ‘ಪನೋರಾಮಿಯೋ’ ಕಟ್ಟಿದರು. ಯಾವ ಊರಿನ ಚಿತ್ರವನ್ನಾದರೂ ಅಲ್ಲಿ ಭೂಪಟದ ಮೇಲೆ ಅದೇ ಜಾಗದಲ್ಲಿ ಅಂಟಿಸಬಹುದಾಗಿತ್ತು; ಆಯ್ದವು ಗೂಗಲ್ ಅರ್ಥ್‌ನಲ್ಲೂ ಕಾಣುತ್ತಿದ್ದವು. ಬೆಂಗಳೂರಿನ ಕಲ್ಯಾಣ್ ವರ್ಮಾ ಮತ್ತು ಗೆಳೆಯರು ವನ್ಯಜೀವಿ ಚಿತ್ರಗಳಿಗಾಗಿಯೇ ‘ಇಂಡಿಯಾ ನೇಚರ್ ವಾಚ್’ ಎಂಬ ತಾಣವನ್ನು ಹುಟ್ಟುಹಾಕಿದರು.

ಇಂತಹ ಕಟ್ಟೆ ಹೇಗೆ ನಡೆಯುತ್ತಿತ್ತು ಎಂಬುದನ್ನು ಇಂದಿನ ವಿದ್ಯಾರ್ಥಿಗಳಿಗೆ ವಿವರಿಸಬೇಕು. ಒಬ್ಬನು ತಲೆಬರಹ ಕೊಟ್ಟು ಪ್ರಶ್ನೆ ಕೇಳುತ್ತಾನೆ: “ಓಡುವ ಎತ್ತಿನ ಚಿತ್ರ ಮಸುಕಾಗುತ್ತದೆ, ಏನು ಮಾಡಲಿ?” ಬೇರೆ ಬೇರೆ ಊರಿನವರು ಉತ್ತರಿಸುತ್ತಾರೆ. ಡಿಜಿಟಲ್ ಚಿತ್ರದ ಕಡತದೊಳಗೆ ಷಟರ್ ವೇಗ, ಅಪರ್ಚರ್, ದಿನಾಂಕ ಮುಂತಾದ ಮಾಹಿತಿ ತಾನಾಗಿಯೇ ದಾಖಲಾಗಿರುತ್ತದೆ. ಅದನ್ನು ನೋಡಿ, ಷಟರ್ ವೇಗ ಸಾಲದು ಎಂದು ಬಲ್ಲವರು ಕರಾರುವಾಕ್ಕಾಗಿ ಹೇಳುತ್ತಾರೆ. ಆ ಪ್ರಶ್ನೋತ್ತರ ಅಲ್ಲಿಯೇ ಉಳಿಯುತ್ತದೆ. ಐದು ವರ್ಷದ ನಂತರ ಅದೇ ತೊಂದರೆ ಬಂದವನು ಹುಡುಕಿದರೆ ಉತ್ತರ ಸಿದ್ಧವಾಗಿರುತ್ತದೆ. ‘ಹನಿಹನಿಗೂಡಿ ಹಳ್ಳ, ತೆನೆತೆನೆಗೂಡಿ ಬಳ್ಳ’ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಉತ್ತರಿಸಿದವರು ಯಾರೂ ಹಣ ಪಡೆದವರಲ್ಲ.

ಒಂದು ಕೊರತೆಯನ್ನೂ ಹೇಳಬೇಕು. ಈ ಕಟ್ಟೆಗಳ ಮಾತೆಲ್ಲ ಬಹುತೇಕ ಇಂಗ್ಲಿಷಿನಲ್ಲಿತ್ತು. ಕನ್ನಡ ಮಾಧ್ಯಮದಲ್ಲಾಗಲಿ ಉರ್ದು ಮಾಧ್ಯಮದಲ್ಲಾಗಲಿ ಓದಿದ ಹುಡುಗ ಸೈಬರ್ ಕೆಫೆಯಲ್ಲಿ ಕುಳಿತರೂ ಚಿತ್ರ ನೋಡಬಹುದಿತ್ತು, ಪ್ರಶ್ನೆ ಕೇಳುವುದು ಕಷ್ಟವಾಗಿತ್ತು.

ಸೊರಗಿದ್ದು ಏಕೆ?

ಮೊದಲ ಕಾರಣ ಮೊಬೈಲ್. ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಂತೆ 2010ರಲ್ಲಿ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾಗಳು ಮಾರುಕಟ್ಟೆಗೆ ಹೋಗಿದ್ದವು. 2023ರಲ್ಲಿ ಈ ಸಂಖ್ಯೆ 80 ಲಕ್ಷಕ್ಕಿಂತ ಕಡಿಮೆಯಾಯಿತು. ಮೊಬೈಲ್ ತಾನೇ ಬೆಳಕನ್ನು ಅಳೆದು ಚಿತ್ರವನ್ನು ತಿದ್ದುವುದರಿಂದ ಪ್ರಶ್ನೆ ಕೇಳುವ ಅಗತ್ಯ ಕಡಿಮೆಯಾಯಿತು. ಎರಡನೆಯದು, ಜನರು ಫೇಸ್‌ಬುಕ್ ಗುಂಪುಗಳಿಗೆ, ಇನ್‌ಸ್ಟಾಗ್ರಾಂಗೆ, ವಾಟ್ಸಾಪ್‌ಗೆ ಹೋದರು. 2016ರಲ್ಲಿ ಜಿಯೋ ಬಂದ ಮೇಲೆ ನಮ್ಮ ಹಳ್ಳಿಗಳಲ್ಲೂ ಇದು ವೇಗವಾಯಿತು. ಅಲ್ಲಿ ಮೆಚ್ಚುಗೆ ತಕ್ಷಣ ಸಿಗುತ್ತದೆ. ಆದರೆ ಬರೆದ ಒಳ್ಳೆಯ ಉತ್ತರ ನಾಳೆಗೆ ಕೆಳಗೆ ಸರಿದು, ವಾರದಲ್ಲಿ ಕಣ್ಮರೆಯಾಗುತ್ತದೆ. ಇಸ್ಲಾಹ್ ಹೋಗಿ ‘ವಾಹ್ ವಾಹ್’ ಮಾತ್ರ ಉಳಿಯಿತು.

ಮೂರನೆಯ ಕಾರಣ ಹಣ. ತಾಣ ನಡೆಸಲು ಕಂಪ್ಯೂಟರುಗಳಿಗೆ ಖರ್ಚಿದೆ, ಜಾಹೀರಾತಿನ ಹಣ ದೊಡ್ಡ ಕಂಪನಿಗಳ ಕಡೆ ಹರಿಯಿತು. ಉತ್ಸಾಹಿಗಳು ಕಟ್ಟಿದ್ದನ್ನು ಕಂಪನಿಗಳು ಕೊಂಡವು. 2005ರಲ್ಲಿ ಫ್ಲಿಕರ್ ಅನ್ನು ಯಾಹೂ, 2007ರಲ್ಲಿ ಪನೋರಾಮಿಯೋವನ್ನು ಗೂಗಲ್, ಅದೇ ವರ್ಷ ಡಿಪಿರಿವ್ಯೂವನ್ನು ಅಮೆಜಾನ್ ಕೊಂಡವು. ಕಟ್ಟೆ ಕಟ್ಟಿದವರು ಜನರು. ಕೀಲಿ ಕೈ ಮಾತ್ರ ಬೇರೆಯವರದಾಯಿತು.

ಬಾಗಿಲು ಮುಚ್ಚಿದ ಬಗೆ

ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ನಿಂತಿತು. ಪನೋರಾಮಿಯೋ 2016ರ ನವೆಂಬರಿನಲ್ಲಿ ಮುಚ್ಚಿತು. ಛಾಯಾಗ್ರಾಹಕರು ಬಹಳ ಇಷ್ಟಪಟ್ಟಿದ್ದ ಗೂಗಲ್ ಪ್ಲಸ್ 2019ರ ಏಪ್ರಿಲ್ 2ರಂದು ಕೊನೆಗೊಂಡಿತು. ಯಾಹೂ ಗುಂಪುಗಳಲ್ಲಿದ್ದ ಹಳೆಯ ಪತ್ರ, ಚಿತ್ರಗಳ ಭಂಡಾರವನ್ನು ಅಳಿಸಲಾಯಿತು. 2020ರ ಡಿಸೆಂಬರ್ 15ರಂದು ಸೇವೆಯೇ ನಿಂತಿತು.

ಇನ್ನೊಂದು ಬಗೆಯ ನಷ್ಟವೂ ಆಯಿತು. ಅನೇಕರು ಚಿತ್ರವನ್ನು ‘ಫೋಟೋಬಕೆಟ್’ನಲ್ಲಿಟ್ಟು ಚರ್ಚಾಕಟ್ಟೆಯಲ್ಲಿ ಅದರ ಕೊಂಡಿ ಮಾತ್ರ ಕೊಡುತ್ತಿದ್ದರು. 2017ರಲ್ಲಿ ಆ ಕಂಪನಿ ಈ ಸೌಲಭ್ಯಕ್ಕೆ ವರ್ಷಕ್ಕೆ 399 ಡಾಲರ್ ಬೆಲೆ ಕಟ್ಟಿತು. ರಾತ್ರೋರಾತ್ರಿ ಲೆಕ್ಕವಿಲ್ಲದಷ್ಟು ಹಳೆಯ ಚರ್ಚೆಗಳಲ್ಲಿ ಚಿತ್ರ ಮಾಯವಾಗಿ ಮಾತಷ್ಟೇ ಉಳಿಯಿತು. ಚಿತ್ರವಿಲ್ಲದ ಚಿತ್ರವಿಮರ್ಶೆಯಿಂದ ಏನು ಪ್ರಯೋಜನ?

2023ರ ಮಾರ್ಚ್ 21ರಂದು ಡಿಪಿರಿವ್ಯೂ ಕೂಡ ಮುಚ್ಚಲಿದೆ ಎಂಬ ಘೋಷಣೆ ಬಂತು. ಅಮೆಜಾನ್ ಆಗ ಸಾವಿರಾರು ನೌಕರರನ್ನು ತೆಗೆಯುತ್ತಿತ್ತು. ಇಪ್ಪತ್ತೈದು ವರ್ಷಗಳ ಜ್ಞಾನ ಅಳಿಯುವುದೆಂದು ಜಗತ್ತಿನ ಹವ್ಯಾಸಿಗಳು ಕಳವಳಗೊಂಡರು. ಸ್ವಯಂಸೇವಕರು ಪುಟಗಳನ್ನು ನಕಲು ಮಾಡಿಕೊಳ್ಳಲು ಹೊರಟರು. ಜೂನ್ ತಿಂಗಳಲ್ಲಿ ‘ಗೇರ್ ಪ್ಯಾಟ್ರೋಲ್’ ಎಂಬ ಸಂಸ್ಥೆ ಅದನ್ನು ಕೊಂಡಿತು, ತಾಣ ಉಳಿಯಿತು. ಎಲ್ಲ ಕಟ್ಟೆಗಳಿಗೂ ಇಂತಹ ಅದೃಷ್ಟ ಇರಲಿಲ್ಲ.

ಹೀಗೆ ಹೋಲಿಸಿ ನೋಡಿ. ಪಿಗೋ ಅವರು 1850ರ ದಶಕದಲ್ಲಿ ತೆಗೆದ ಲಕ್ಕುಂಡಿಯ ಚಿತ್ರ ಉಳಿದಿದೆ. 2008ರಲ್ಲಿ ಒಬ್ಬ ಹುಡುಗ ಅದೇ ಗುಡಿಯ ಚಿತ್ರ ತೆಗೆದು ಆರ್ಕುಟ್‌ನಲ್ಲಿ ಮಾತ್ರ ಇಟ್ಟಿದ್ದರೆ ಅದು ಉಳಿದಿಲ್ಲ. ಹೊಸ ಯಂತ್ರ ಹಳೆಯದಕ್ಕಿಂತ ಹೆಚ್ಚು ಕಾಲ ಕಾಯುತ್ತದೆ ಎಂಬ ನಂಬಿಕೆಗೆ ಇತಿಹಾಸದಲ್ಲಿ ಆಧಾರವಿಲ್ಲ.

ನಮಗೆ ಇದರಿಂದ ಏನು?

ನಮ್ಮ ಮೂರು ಊರುಗಳಲ್ಲಿ ದಾಖಲಿಸಬೇಕಾದದ್ದು ಬಹಳ ಇದೆ. ಸೂಡಿಯ ಜೋಡು ಕಳಸದ ಗುಡಿ, ಗಜೇಂದ್ರಗಡದ ಕೋಟೆ, ಅಲ್ಲಿನ ಕೈಮಗ್ಗಗಳು, ನರಗುಂದದ ಗುಡ್ಡ. 1980ರ ಜುಲೈ 21ರ ರೈತ ಬಂಡಾಯದ ಕಾಲದ ಫೋಟೋ ಯಾರ ಮನೆಯ ಪೆಟ್ಟಿಗೆಯಲ್ಲಿದ್ದರೂ ಅದು ನಾಡಿನ ಆಸ್ತಿ. ನಮ್ಮ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಮಧ್ಯ ಏಷ್ಯಾದಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಅದಕ್ಕೆ ರಾಮ್‌ಸರ್ ತಾಣದ ಮನ್ನಣೆ ದೊರೆಯಿತು. ಹವ್ಯಾಸಿಯೊಬ್ಬ ಅಲ್ಲಿ ತೆಗೆದ ಚಿತ್ರಕ್ಕೆ ದಿನಾಂಕವಿದ್ದರೆ, ಆ ವರ್ಷ ಹಕ್ಕಿಗಳು ಯಾವಾಗ ಬಂದವು ಎಂಬುದಕ್ಕೆ ಅದೇ ಸಾಕ್ಷಿ. ದಿನಾಂಕವಿಲ್ಲದಿದ್ದರೆ ಅದು ಬರೀ ಚಂದದ ಚಿತ್ರ.

ಆದ್ದರಿಂದ ವಿದ್ಯಾರ್ಥಿಗಳಿಗೆ ಕೆಲವು ಸೂಚನೆಗಳು. ಒಂದು, ಪ್ರತಿ ಮುಖ್ಯ ಚಿತ್ರಕ್ಕೂ ಸ್ಥಳ, ದಿನಾಂಕ, ಅದರಲ್ಲಿರುವವರ ಹೆಸರು, ತೆಗೆದವರ ಹೆಸರು ಈ ನಾಲ್ಕನ್ನು ಬರೆದಿಡಿ. ಹಳೆಯ ಪ್ರಿಂಟಿನ ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಬರೆಯಬೇಕು, ಪೆನ್ನು ಬೇಡ. ಎರಡು, ಮೂಲ ಚಿತ್ರದ ಪ್ರತಿಗಳು ಕನಿಷ್ಠ ಎರಡು ಬೇರೆ ಕಡೆ ಇರಲಿ. ಮೊಬೈಲ್ ಒಂದನ್ನೇ ನಂಬಬೇಡಿ. ಮೂರು, ವಾಟ್ಸಾಪ್‌ನಲ್ಲಿ ಫೋಟೋ ಎಂದು ಕಳಿಸಿದರೆ ಅದು ಕುಗ್ಗುತ್ತದೆ, ಒಳಗಿನ ಮಾಹಿತಿಯೂ ಹೋಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಉಳಿಯುತ್ತದೆ. ನಾಲ್ಕು, ಊರಿನ ಸ್ಮಾರಕಗಳ ಚಿತ್ರಗಳನ್ನು 2004ರಿಂದ ನಡೆದಿರುವ ವಿಕಿಮೀಡಿಯಾ ಕಾಮನ್ಸ್‌ಗೆ ಸೇರಿಸಬಹುದು. ಅದು ಲಾಭದ ಕಂಪನಿಯದಲ್ಲ, ಕನ್ನಡದಲ್ಲೂ ಉರ್ದುವಿನಲ್ಲೂ ವಿವರಣೆ ಬರೆಯಬಹುದು. ಸ್ವಂತ ಚಿತ್ರವನ್ನು ಮಾತ್ರ ಸೇರಿಸಬೇಕು.

ಶಾಲೆ, ಸಂಘ–ಸಂಸ್ಥೆಗಳಿಗೂ ಒಂದು ವಿನಂತಿ. ಪ್ರತಿ ವರ್ಷ ಸಮಾರಂಭಗಳ ಫೋಟೋ ತೆಗೆಸುತ್ತೇವೆ. ಅವುಗಳಲ್ಲಿ ಇಪ್ಪತ್ತನ್ನು ಆರಿಸಿ, ಪ್ರಿಂಟ್ ಹಾಕಿಸಿ, ಹೆಸರು ಬರೆದು ಆಲ್ಬಮ್ಮಿನಲ್ಲಿಡುವುದು ದೊಡ್ಡ ಖರ್ಚಿನ ಕೆಲಸವಲ್ಲ. ತಿಂಗಳಿಗೊಮ್ಮೆ ಮಕ್ಕಳು ತಾವು ತೆಗೆದ ಚಿತ್ರ ತಂದು, ಬಲ್ಲವರಿಂದ ತಿದ್ದಿಸಿಕೊಳ್ಳಲು ಒಂದು ತಾಸು ಕೂಡುವ ವ್ಯವಸ್ಥೆಯನ್ನೂ ಮಾಡಬಹುದು. ಅಲ್ಲಿ ಮಾತು ಕನ್ನಡ, ಉರ್ದು ಯಾವುದರಲ್ಲಿಯಾದರೂ ನಡೆಯಲಿ. ಹೊರಗಿನವರ ಜಾಗದಲ್ಲಿ ಕಟ್ಟಿದ ಕಟ್ಟೆ ಅವರು ಬೇಡವೆಂದ ದಿನ ಹೋಗುತ್ತದೆ. ನಮ್ಮೂರಿನಲ್ಲಿ ನಾವೇ ಕಟ್ಟಿದ್ದು, ನಾವು ಕೂಡುವವರೆಗೆ ಇರುತ್ತದೆ.