ಕಾರ್ಖಾನೆಯ ಗೇಟಿನಾಚೆ ಆದ ಗಾಯ

ಯಂತ್ರಕ್ಕೆ ಸಿಕ್ಕಿ ಬೆರಳು ತುಂಡಾದರೆ ಅದು ಕೆಲಸದಲ್ಲಿ ಆದ ಗಾಯ ಎಂದು ಯಾರಿಗೂ ವಿವರಿಸಬೇಕಾಗಿಲ್ಲ. ಆದರೆ ಕಂಪೆನಿ ಏರ್ಪಡಿಸಿದ ಕ್ರೀಡಾಕೂಟದಲ್ಲಿ ಕಾಲು ಮುರಿದರೆ? ಬೇರೆ ಊರಿನ ಹೋಟೆಲಿನಲ್ಲಿ ನಡೆದ ತರಬೇತಿ ಶಿಬಿರದಲ್ಲಿ ಮೆಟ್ಟಿಲಿನಿಂದ ಜಾರಿ ಬಿದ್ದರೆ? ವಾರ್ಷಿಕ ಪ್ರವಾಸದ ಬಸ್ಸು ಘಾಟಿಯಲ್ಲಿ ಮಗುಚಿದರೆ? ಇಂಥ ಸಂದರ್ಭಗಳಲ್ಲಿ ಗಾಯಾಳುವಿಗೆ ಮೊದಲು ಕೇಳಿಬರುವ ಮಾತು, "ಅದು ಮೋಜಿಗೆ ಹೋದದ್ದು, ಕೆಲಸಕ್ಕಲ್ಲ" ಎಂಬುದು. ಎಷ್ಟೋ ಮಂದಿ ಆ ಮಾತನ್ನೇ ಕಾನೂನು ಎಂದು ನಂಬಿ ಆಸ್ಪತ್ರೆಯ ಬಿಲ್ಲನ್ನು ಸಾಲ ಮಾಡಿ ಕಟ್ಟುತ್ತಾರೆ. ಅದು ನಿಜವಾಗಿಯೂ ಕಾನೂನೇ ಎಂದು ತಿಳಿಯಲು ನಾವು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಈ ಕಥೆ ಆರಂಭವಾಗುವುದೇ ಅಂಗಡಿಯ ಹೊರಗೆ ಆದ ಒಂದು ಗಾಯದಿಂದ. ಇಂಗ್ಲೆಂಡಿನಲ್ಲಿ ಒಬ್ಬ ಮಾಂಸದ ವ್ಯಾಪಾರಿಯ ಬಳಿ ಕೆಲಸಕ್ಕಿದ್ದ ಹುಡುಗ ಮಾಂಸ ಸಾಗಿಸುವ ಗಾಡಿಯಲ್ಲಿ ಹೋಗುತ್ತಿದ್ದ. ಮಿತಿಮೀರಿ ಹೇರಿದ್ದ ಗಾಡಿ ದಾರಿಯಲ್ಲಿ ಮುರಿದು ಅವನ ತೊಡೆಯ ಮೂಳೆ ಮುರಿಯಿತು. ಜ್ಯೂರಿ ಅವನಿಗೆ 100 ಪೌಂಡ್ ಪರಿಹಾರ ಕೊಟ್ಟಿತು. ಆದರೆ 1837ರಲ್ಲಿ ಮೇಲಿನ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಕೆಲಸಕ್ಕೆ ಸೇರಿದವನು ಅದರ ಅಪಾಯವನ್ನೂ ಒಪ್ಪಿಕೊಂಡಿರುತ್ತಾನೆ ಎಂಬ ವಾದಕ್ಕೆ ಅಲ್ಲಿಂದ ಬಲ ಬಂತು. ರೈಲು, ಗಣಿ, ಗಿರಣಿಗಳ ಆ ಶತಮಾನದಲ್ಲಿ ಸಾವಿರಾರು ಕುಟುಂಬಗಳು ಈ ವಾದದ ಬೆಲೆ ತೆತ್ತವು.

ಬದಲಾವಣೆ ಬಂದದ್ದು ಶತಮಾನದ ಕೊನೆಯಲ್ಲಿ. 1884ರಲ್ಲಿ ಬಿಸ್ಮಾರ್ಕನ ಜರ್ಮನಿ ಅಪಘಾತ ವಿಮೆಯನ್ನು ಜಾರಿಗೆ ತಂದಿತು. 1897ರಲ್ಲಿ ಬ್ರಿಟನ್ ಕಾರ್ಮಿಕರ ಪರಿಹಾರ ಕಾಯಿದೆ ಮಾಡಿತು. ತಪ್ಪು ಯಾರದೆಂದು ಕಾರ್ಮಿಕ ಸಾಬೀತುಪಡಿಸಬೇಕಾಗಿಲ್ಲ, ಗಾಯ ಕೆಲಸಕ್ಕೆ ಸಂಬಂಧಿಸಿದ್ದರೆ ಸಾಕು ಎಂಬುದು ಇದರ ತಿರುಳು. ಭಾರತದಲ್ಲಿ ಇದೇ ತತ್ವದ ಮೇಲೆ 1923ರ ಕಾರ್ಮಿಕರ ಪರಿಹಾರ ಕಾಯಿದೆ ರೂಪುಗೊಂಡು 1924ರ ಜುಲೈ 1ರಿಂದ ಜಾರಿಗೆ ಬಂತು. ಸ್ವಾತಂತ್ರ್ಯಾನಂತರ 1948ರ ಕಾರ್ಮಿಕರ ರಾಜ್ಯ ವಿಮಾ ಕಾಯಿದೆ, ಅಂದರೆ ನಾವೆಲ್ಲ ಇ.ಎಸ್.ಐ. ಎಂದು ಕರೆಯುವ ವ್ಯವಸ್ಥೆ ಬಂತು.

ಈ ಕಾಯಿದೆಗಳ ಜೀವಾಳವಾಗಿರುವ ಷರತ್ತು ಒಂದೇ. ಅಪಘಾತ "ಉದ್ಯೋಗದ ಕಾರಣದಿಂದ ಮತ್ತು ಉದ್ಯೋಗದ ಅವಧಿಯಲ್ಲಿ" ಆಗಿರಬೇಕು. ಆದರೆ ಉದ್ಯೋಗ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ? ನೂರು ವರ್ಷಗಳ ಜಗಳ ಈ ಪ್ರಶ್ನೆಯದು.

ಪೋರಬಂದರಿನ ಉಪ್ಪಿನ ಕಾರ್ಖಾನೆಯ ಕಾರ್ಮಿಕರು ದಿನವೂ ದೋಣಿಯಲ್ಲಿ ಹಿನ್ನೀರು ದಾಟಿ ಹೋಗಿಬರುತ್ತಿದ್ದರು. 1952ರ ಜೂನ್‌ನಲ್ಲಿ ಕೆಟ್ಟ ಹವೆಯಲ್ಲಿ ದೋಣಿ ಮುಳುಗಿ ಕೆಲವರು ಸತ್ತರು. 1958ರಲ್ಲಿ ಸುಪ್ರೀಂ ಕೋರ್ಟು, ಉದ್ಯೋಗದ ಗಡಿಯನ್ನು ಕಾರ್ಖಾನೆಯ ಆವರಣದಿಂದ ಸ್ವಲ್ಪ ಹೊರಕ್ಕೆ ವಿಸ್ತರಿಸಬಹುದು ಎಂದು ಒಪ್ಪಿತು. ಆದರೆ ಆ ದೋಣಿ ಸಾರ್ವಜನಿಕರದ್ದು, ಆದ್ದರಿಂದ ಕಂಪೆನಿ ಹೊಣೆಯಲ್ಲ ಎಂದಿತು. ಐದು ವರ್ಷಗಳ ನಂತರ ಮುಂಬಯಿಯ ಬೆಸ್ಟ್ ಬಸ್ ಚಾಲಕನೊಬ್ಬನ ಪ್ರಕರಣ ಬಂತು. ಡಿಪೋದಲ್ಲಿ ಬಸ್ಸು ನಿಲ್ಲಿಸಿ, ಸಂಸ್ಥೆಯದೇ ಇನ್ನೊಂದು ಬಸ್ಸಿನಲ್ಲಿ ಮನೆಗೆ ಹೋಗುತ್ತಿದ್ದಾಗ ಅಪಘಾತವಾಗಿ ಅವನು ಸತ್ತಿದ್ದ. ಚಾಲಕರು ಉಚಿತವಾಗಿ ಓಡಾಡಲೆಂದು ಸಂಸ್ಥೆಯೇ ಸೌಲಭ್ಯ ಕೊಟ್ಟಿದ್ದು ತನ್ನ ಸೇವೆ ಸುಗಮವಾಗಲಿ ಎಂದು. ಹಾಗಾಗಿ 1963ರಲ್ಲಿ ಕೋರ್ಟು ಬಹುಮತದಿಂದ ಆತನ ಕುಟುಂಬದ ಪರ ತೀರ್ಪು ಕೊಟ್ಟಿತು. ಎರಡೂ ದಾರಿಯಲ್ಲಿ ಆದ ಸಾವುಗಳೇ. ವ್ಯತ್ಯಾಸ ತಂದದ್ದು ದೂರವಲ್ಲ. ಆ ಪ್ರಯಾಣದ ಹಿಂದೆ ಮಾಲೀಕನ ವ್ಯವಸ್ಥೆ ಮತ್ತು ಹಿತ ಇತ್ತೇ ಎಂಬುದು.

ಹಾಗೆಂದು ಗಡಿ ಸದಾ ಹಿಗ್ಗುತ್ತಲೇ ಹೋಯಿತು ಎನ್ನುವಂತಿಲ್ಲ. 1971ರಲ್ಲಿ ಕೇರಳದ ಕಾರ್ಮಿಕನೊಬ್ಬ ನಾಲ್ಕೂವರೆಯ ಪಾಳಿಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದಾಗ ಕಾರ್ಖಾನೆಯಿಂದ ಒಂದು ಕಿಲೋಮೀಟರ್ ದೂರದಲ್ಲಿ ಲಾರಿ ಬಡಿಯಿತು. ಲಾರಿ ಅವನ ಮಾಲೀಕರದೇ! ಆದರೂ ಇಪ್ಪತ್ತೈದು ವರ್ಷಗಳ ನಂತರ, 1996ರಲ್ಲಿ, ಸುಪ್ರೀಂ ಕೋರ್ಟು ಅದು ಉದ್ಯೋಗದ ಗಾಯವಲ್ಲ ಎಂದಿತು. ಮುಂದೆ ಸಂಸತ್ತು 2010ರಲ್ಲಿ ಇ.ಎಸ್.ಐ. ಕಾಯಿದೆಗೆ ತಿದ್ದುಪಡಿ ತಂದು, ಮನೆ ಮತ್ತು ಕೆಲಸದ ಸ್ಥಳದ ನಡುವಿನ ಅಪಘಾತವೂ ಉದ್ಯೋಗಕ್ಕೆ ಸಂಬಂಧ ಇರುವುದಾದರೆ ಉದ್ಯೋಗದ ಗಾಯವೇ ಎಂದು ಸ್ಪಷ್ಟಪಡಿಸಿತು. 2003ರಲ್ಲಿ ರಾತ್ರಿ ಪಾಳಿಗೆ ಹೋಗುತ್ತ ಸತ್ತ ಸಕ್ಕರೆ ಕಾರ್ಖಾನೆಯ ಕಾವಲುಗಾರನ ಪ್ರಕರಣದಲ್ಲಿ 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಇದೇ ಅರ್ಥವನ್ನು 1923ರ ಕಾಯಿದೆಗೂ ಅನ್ವಯಿಸಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ಹಳೆಯ ಎರಡೂ ಕಾಯಿದೆಗಳ ಸ್ಥಾನಕ್ಕೆ ಬಂದಿದ್ದು, ಅದರಲ್ಲೂ ಈ ಮಾತಿದೆ.

ಇನ್ನು ಕ್ರೀಡಾಕೂಟ, ಪ್ರವಾಸಗಳ ವಿಷಯ. ಬ್ರಿಟನ್ನಿನಲ್ಲಿ ತನ್ನ ಪೊಲೀಸ್ ಪಡೆಯ ಪರವಾಗಿ ಫುಟ್‌ಬಾಲ್ ಆಡುತ್ತ ಗಾಯಗೊಂಡ ಪೊಲೀಸನೊಬ್ಬನಿಗೆ 1970ರ ದಶಕದಲ್ಲಿ ಅಲ್ಲಿನ ನ್ಯಾಯಾಲಯ ಪರಿಹಾರ ಕೊಡಲಿಲ್ಲ. ಮೇಲಧಿಕಾರಿಗಳು ಆಟವನ್ನು ಪ್ರೋತ್ಸಾಹಿಸುತ್ತಿದ್ದರು ನಿಜ, ಆದರೆ ಆಡುವುದು ಅವನ ಕರ್ತವ್ಯವಾಗಿರಲಿಲ್ಲ ಎಂಬುದು ಕಾರಣ. ಇಂದಿನ ಕಂಪೆನಿಗಳ ಪತ್ರಗಳಲ್ಲಿ "ಇಷ್ಟವಿದ್ದವರು ಬರಬಹುದು" ಎಂಬ ಸಾಲು ಇರುವುದನ್ನು ಗಮನಿಸಿ. ಬಾರದವರ ಹೆಸರು ಬರೆದುಕೊಳ್ಳುವುದು, ಬಡ್ತಿಯ ವೇಳೆ ಅದನ್ನು ನೆನಪಿಸುವುದು ಬೇರೆ ಮಾತು. ಗಾಯವಾದ ದಿನ ಆ ಒಂದು ಸಾಲೇ ಗೋಡೆಯಂತೆ ಎದುರು ನಿಲ್ಲುತ್ತದೆ.

ಆದ್ದರಿಂದ ಈ ಇತಿಹಾಸದಿಂದ ನಾವು ಕಲಿಯಬೇಕಾದದ್ದು ಇಷ್ಟು: ಹೊರಗಿನ ಕಾರ್ಯಕ್ರಮ ಕೆಲಸದ ಭಾಗವಾಗಿತ್ತು ಎಂದು ತೋರಿಸುವ ಪ್ರತಿಯೊಂದು ಕಾಗದವೂ ಅಮೂಲ್ಯ. ಹಾಜರಾಗಲು ಹೇಳಿದ ಪತ್ರ ಅಥವಾ ಮೊಬೈಲ್ ಸಂದೇಶ, ಆ ದಿನವನ್ನು ಕೆಲಸದ ದಿನವೆಂದು ಲೆಕ್ಕ ಹಾಕಿದ ಹಾಜರಾತಿ, ಕಂಪೆನಿಯ ಖರ್ಚಿನಲ್ಲಿ ಬಸ್ಸು ಗೊತ್ತುಮಾಡಿದ ದಾಖಲೆ, ಜತೆಗಿದ್ದವರ ಹೆಸರುಗಳು ಇವೆಲ್ಲವನ್ನೂ ಆರಂಭದಲ್ಲೇ ತೆಗೆದಿಡಬೇಕು. ಆಸ್ಪತ್ರೆಯಲ್ಲಿ "ಬಿದ್ದೆ" ಎಂದಷ್ಟೇ ಬರೆಸದೆ ಎಲ್ಲಿ, ಯಾವ ಕಾರ್ಯಕ್ರಮದಲ್ಲಿ ಎಂಬುದನ್ನೂ ಬರೆಸಬೇಕು. ಅಪಘಾತದ ಸುದ್ದಿಯನ್ನು ಮಾಲೀಕರಿಗೆ ಬರಹದಲ್ಲಿ, ಆದಷ್ಟು ಬೇಗ ಮುಟ್ಟಿಸಬೇಕು. ಇ.ಎಸ್.ಐ. ಇದ್ದರೆ ಅದರ ಕಚೇರಿಗೂ ತಿಳಿಸಬೇಕು. ಅಲ್ಲಿ ಉದ್ಯೋಗದ ಗಾಯಕ್ಕೆ ಇಷ್ಟು ತಿಂಗಳು ವಂತಿಗೆ ಕಟ್ಟಿರಬೇಕೆಂಬ ಷರತ್ತಿಲ್ಲ. ಇ.ಎಸ್.ಐ. ಇಲ್ಲದವರು ಪರಿಹಾರದ ಅರ್ಜಿಯನ್ನು ಎರಡು ವರ್ಷಗಳೊಳಗೆ ಸಂಬಂಧಪಟ್ಟ ಅಧಿಕಾರಿಯ ಮುಂದೆ ಹಾಕಬೇಕು. ಗುತ್ತಿಗೆದಾರನ ಮೂಲಕ ಸೇರಿದವರಿಗೂ ದಾರಿಯಿದೆ. ಗುತ್ತಿಗೆದಾರನ ಆಳಿಗೆ ಮೂಲ ಮಾಲೀಕನನ್ನೂ ಹೊಣೆ ಮಾಡುವ ನಿಯಮ 1923ರ ಕಾಯಿದೆಯಲ್ಲೇ ಇತ್ತು.

ಪ್ರವಾಸಕ್ಕೆ ಮುನ್ನ "ಏನಾದರೂ ನನ್ನದೇ ಜವಾಬ್ದಾರಿ" ಎಂದು ಸಹಿ ಹಾಕಿಸಿಕೊಳ್ಳುವ ರೂಢಿಯೂ ಇದೆ. ಅಂಥ ಕಾಗದ ನೋಡಿ ಎದೆಗುಂದಬೇಕಿಲ್ಲ. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಒಪ್ಪಂದ ಅಸಿಂಧು ಎಂದು 1923ರ ಕಾಯಿದೆಯೇ ಹೇಳಿತ್ತು.

ಇದರಲ್ಲಿ ಎಷ್ಟು ಹಣದ ಪ್ರಶ್ನೆ ಅಡಗಿದೆ ಎಂಬುದಕ್ಕೆ ಒಂದು ಲೆಕ್ಕ. 2020ರಲ್ಲಿ 1923ರ ಕಾಯಿದೆಯಡಿ ತಿಂಗಳ ಸಂಬಳದ ಗರಿಷ್ಠ ಮಿತಿ 15,000 ರೂಪಾಯಿ ಎಂದು ನಿಗದಿಯಾಯಿತು. ಆ ಮಿತಿಯಲ್ಲಿ 30 ವರ್ಷದವನು ಶಾಶ್ವತವಾಗಿ, ಸಂಪೂರ್ಣವಾಗಿ ದುಡಿಯಲಾರದವನಾದರೆ ಸಂಬಳದ ಶೇ. 60 ಭಾಗವನ್ನು, ಅಂದರೆ 9,000 ರೂಪಾಯಿಯನ್ನು, ಅವನ ವಯಸ್ಸಿಗೆ ಗೊತ್ತುಪಡಿಸಿದ 207.98 ಎಂಬ ಅಂಕಿಯಿಂದ ಗುಣಿಸಬೇಕಿತ್ತು. ಬರುವ ಮೊತ್ತ 18,71,820 ರೂಪಾಯಿ. "ಮೋಜಿಗೆ ಹೋದದ್ದು" ಎಂಬ ಒಂದು ಮಾತಿಗೆ ತಲೆಯಾಡಿಸಿ ಸುಮ್ಮನಾಗುವ ಕುಟುಂಬ ಕಳೆದುಕೊಳ್ಳುವುದು ಇಂಥ ಮೊತ್ತವನ್ನು. ಪೋರಬಂದರಿನ ಕುಟುಂಬಗಳು ಕೊನೆಗೆ ಸೋತರೂ ಅವರ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಗಡಿ ಒಂದೊಂದೇ ಹೆಜ್ಜೆ ಹೊರಕ್ಕೆ ಸರಿದದ್ದು ಅಂಥವರು ಸುಮ್ಮನಿರದೆ ಅರ್ಜಿ ಹಾಕಿದ್ದರಿಂದಲೇ.