ಹಸುವಿನ ಹಾಲಿನ ಸಂಯೋಜನೆಯ ಮೇಲೆ ಋತು ಮತ್ತು ಕರಾವಿನ ಹಂತದ ಪ್ರಭಾವ

ಹಸುವಿನ ಹಾಲಿನಲ್ಲಿರುವ ಜಿಡ್ಡು, ಪ್ರೋಟೀನು, ಹಾಲಿನ ಸಕ್ಕರೆ ಮತ್ತು ಲವಣಗಳ ಪ್ರಮಾಣವು ವರ್ಷವಿಡೀ ಒಂದೇ ಸಮನಾಗಿರುವುದಿಲ್ಲ. ಹಸು ಈದು ಎಷ್ಟು ದಿನಗಳಾದವು ಎಂಬುದೂ ಆಗ ನಡೆಯುತ್ತಿರುವ ಋತು ಯಾವುದೆಂಬುದೂ ಈ ಪ್ರಮಾಣಗಳನ್ನು ಬದಲಿಸುತ್ತವೆ. ತಳಿ, ಮೇವು ಮತ್ತು ಕೆಚ್ಚಲಿನ ಆರೋಗ್ಯ ಇತರ ಮುಖ್ಯ ಕಾರಣಗಳು. ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳಲ್ಲಿ ಬಯಲುಸೀಮೆಯೂ ಅರೆಮಲೆನಾಡೂ ಅಕ್ಕಪಕ್ಕದಲ್ಲೇ ಇರುವುದರಿಂದ ಈ ಬದಲಾವಣೆಯನ್ನು ಸ್ಪಷ್ಟವಾಗಿ ಗುರುತಿಸಬಹುದು.

ಹಾಲಿನ ಘಟಕಗಳು

ಹಸುವಿನ ಹಾಲಿನಲ್ಲಿ ಸುಮಾರು ಶೇ. 87ರಷ್ಟು ನೀರಿರುತ್ತದೆ. ಉಳಿದ ಘನಾಂಶದಲ್ಲಿ ಜಿಡ್ಡು ಶೇ. 3.5ರಿಂದ 4.5, ಪ್ರೋಟೀನು ಶೇ. 3.3ರ ಆಸುಪಾಸು, ಲ್ಯಾಕ್ಟೋಸ್ ಎಂಬ ಸಕ್ಕರೆ ಶೇ. 4.7ರ ಆಸುಪಾಸು ಮತ್ತು ಲವಣಗಳು ಶೇ. 0.7ರಷ್ಟು ಇರುತ್ತವೆ. ಜಿಡ್ಡನ್ನು ಬಿಟ್ಟು ಉಳಿದ ಘನಾಂಶಕ್ಕೆ ಜಿಡ್ಡೇತರ ಘನಾಂಶವೆಂದು ಹೆಸರು. ಹಳ್ಳಿಯ ಡೇರಿಗಳಲ್ಲಿ ಇದು ಎಸ್‌ಎನ್‌ಎಫ್ ಎಂದೇ ಪರಿಚಿತ. ಇವುಗಳಲ್ಲಿ ಅತಿ ಹೆಚ್ಚು ಏರಿಳಿಯುವುದು ಜಿಡ್ಡು, ಅತಿ ಕಡಿಮೆ ಏರಿಳಿಯುವುದು ಲ್ಯಾಕ್ಟೋಸ್. ಕೆಚ್ಚಲಿನೊಳಕ್ಕೆ ನೀರನ್ನು ಸೆಳೆಯುವುದೇ ಲ್ಯಾಕ್ಟೋಸ್ ಆದ್ದರಿಂದ ಅದು ಕಡಿಮೆ ತಯಾರಾದರೆ ಹಾಲಿನ ಅಳತೆಯೇ ತಗ್ಗುತ್ತದೆ, ಸಾಂದ್ರತೆ ಅಷ್ಟಾಗಿ ಬದಲಾಗುವುದಿಲ್ಲ.

ಕರಾವಿನ ಹಂತ

ಈದ ಕೂಡಲೇ ಬರುವ ಗಿಣ್ಣುಹಾಲು ಸಾಮಾನ್ಯ ಹಾಲಿಗಿಂತ ತೀರ ಭಿನ್ನವಾದುದು. ಮೊದಲ ಕರಾವಿನಲ್ಲಿ ಪ್ರೋಟೀನು ಶೇ. 14ರವರೆಗೂ ಇರಬಹುದು, ಅದರ ಬಹುಭಾಗ ಕರುವಿಗೆ ರೋಗನಿರೋಧಕ ಶಕ್ತಿಯನ್ನು ನೀಡುವ ಪ್ರೋಟೀನು. ಲ್ಯಾಕ್ಟೋಸ್ ಕಡಿಮೆಯಿರುತ್ತದೆ. ಕಾಯಿಸಿದರೆ ಗಿಣ್ಣುಹಾಲು ಗಟ್ಟಿಯಾಗುವುದು ಈ ಪ್ರೋಟೀನಿನಿಂದಲೇ. ಮನೆಗಳಲ್ಲಿ ಬೆಲ್ಲ, ಏಲಕ್ಕಿ ಹಾಕಿ ಗಿಣ್ಣು ಮಾಡುವುದಕ್ಕೂ ಡೇರಿಯಲ್ಲಿ ಈ ಹಾಲನ್ನು ತೆಗೆದುಕೊಳ್ಳದಿರುವುದಕ್ಕೂ ಕಾರಣ ಒಂದೇ. ನಾಲ್ಕೈದು ದಿನಗಳಲ್ಲಿ ಹಾಲು ಸಹಜ ಸ್ಥಿತಿಗೆ ಬರುತ್ತದೆ.

ಆಮೇಲೆ ಹಾಲಿನ ಅಳತೆ ಏರುತ್ತಾ ಹೋಗಿ ಆರರಿಂದ ಎಂಟನೆಯ ವಾರದಲ್ಲಿ ಗರಿಷ್ಠ ಮಟ್ಟವನ್ನು ಮುಟ್ಟುತ್ತದೆ. ಜಿಡ್ಡು ಮತ್ತು ಪ್ರೋಟೀನಿನ ಶೇಕಡಾವಾರು ಪ್ರಮಾಣ ಕನಿಷ್ಠಕ್ಕೆ ಇಳಿಯುವುದೂ ಹೆಚ್ಚುಕಡಿಮೆ ಇದೇ ವೇಳೆಗೆ. ಹಸು ತಿನ್ನುವ ಮೇವು ಅದು ಕೊಡುವ ಹಾಲಿಗೆ ಸಾಲದೆ ಮೈಯಲ್ಲಿದ್ದ ಕೊಬ್ಬು ಕರಗುವ ಕಾಲವಿದು. ಅನಂತರ ಅಳತೆ ನಿಧಾನವಾಗಿ ತಗ್ಗುತ್ತದೆ, ಜಿಡ್ಡು ಮತ್ತು ಪ್ರೋಟೀನು ಏರುತ್ತವೆ. ಸುಮಾರು 305 ದಿನಗಳ ಕರಾವಿನ ಕೊನೆಯಲ್ಲಿ, ಗಬ್ಬದ ಹಸುವನ್ನು ಬತ್ತಿಸುವ ಮುನ್ನ, ಲ್ಯಾಕ್ಟೋಸ್ ಇಳಿದು ಸೋಡಿಯಂ ಮತ್ತು ಕ್ಲೋರೈಡ್ ಹೆಚ್ಚುವುದರಿಂದ ಹಾಲಿಗೆ ಸ್ವಲ್ಪ ಉಪ್ಪಿನ ರುಚಿ ಬರುವುದುಂಟು.

ಒಂದೇ ಹೊತ್ತಿನ ಕರಾವಿನಲ್ಲೂ ಹಾಲು ಒಂದೇ ತೆರನಾಗಿರುವುದಿಲ್ಲ. ಮೊದಲ ಧಾರೆ ತೆಳು, ಕೊನೆಯ ಧಾರೆ ಜಿಡ್ಡಿನದು. ಕರುವಿಗೆಂದು ಕೊನೆಯ ಹಾಲನ್ನು ಕೆಚ್ಚಲಿನಲ್ಲೇ ಬಿಟ್ಟರೆ ಡೇರಿಗೆ ಹೋಗುವ ಹಾಲಿನಲ್ಲಿ ಜಿಡ್ಡು ಕಡಿಮೆಯೇ ಕಾಣುತ್ತದೆ.

ಋತುವಿನ ಪ್ರಭಾವ

ಶೀತ ದೇಶಗಳ ಪಠ್ಯಗಳಲ್ಲಿ ಋತುವಿನ ಪರಿಣಾಮವನ್ನು ಹಗಲಿನ ಉದ್ದದೊಂದಿಗೂ ಹೊಂದಿಸಿ ವಿವರಿಸುತ್ತಾರೆ. ಕರ್ನಾಟಕದ ಅಕ್ಷಾಂಶದಲ್ಲಿ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಒಂದೂವರೆ ಗಂಟೆಯಷ್ಟೇ ಅಂತರ. ಆದುದರಿಂದ ಇಲ್ಲಿ ಋತುವೆಂದರೆ ಮುಖ್ಯವಾಗಿ ಬಿಸಿಲು ಮತ್ತು ಮೇವು.

ಬಾಬಾಬುಡನ್‌ಗಿರಿ ಶ್ರೇಣಿಯ ಮಳೆನೆರಳಿನಲ್ಲಿರುವ ಕಡೂರಿನ ಬಯಲಿನಲ್ಲಿ ಮಾರ್ಚ್‌ನಿಂದ ಮೇವರೆಗೆ ಹಸಿಮೇವು ಅಪರೂಪ. ಮೆದೆಯಲ್ಲಿರುವ ರಾಗಿಹುಲ್ಲೇ ಆಧಾರ. ಹಿಂದೆ ತರೀಕೆರೆಯ ಭಾಗವಾಗಿದ್ದು ಈಗ ಪ್ರತ್ಯೇಕ ತಾಲ್ಲೂಕಾಗಿರುವ ಅಜ್ಜಂಪುರದ ಸ್ಥಿತಿಯೂ ಬಹುಮಟ್ಟಿಗೆ ಇದೇ. ತರೀಕೆರೆಯ ಪಶ್ಚಿಮ ಭಾಗದಲ್ಲಿ ಮಳೆ ಹೆಚ್ಚು, ಭದ್ರಾ ನಾಲೆಯ ನೀರೂ ಇರುವುದರಿಂದ ಹಸಿರು ಹೆಚ್ಚು ಕಾಲ ಉಳಿಯುತ್ತದೆ. ನಾರು ಹೆಚ್ಚಿರುವ ಒಣಹುಲ್ಲು ಮೆಲುಕು ಹೊಟ್ಟೆಯಲ್ಲಿ ಹುದುಗಿ ಅಸಿಟಿಕ್ ಆಮ್ಲವಾಗುತ್ತದೆ. ಹಾಲಿನ ಜಿಡ್ಡಿನ ಒಂದು ದೊಡ್ಡ ಪಾಲು ತಯಾರಾಗುವುದು ಇದರಿಂದ. ಹೀಗಾಗಿ ಒಣಹುಲ್ಲು ಜಿಡ್ಡನ್ನು ಕಾಪಾಡಬಲ್ಲದು. ಆದರೆ ಅದರಲ್ಲಿ ಪೋಷಕಾಂಶ ಕಡಿಮೆ. ಹಿಂಡಿ ಅಥವಾ ಹಸಿಮೇವು ಜೊತೆಗಿಲ್ಲದಿದ್ದರೆ ಪ್ರೋಟೀನು, ಅದರೊಂದಿಗೆ ಎಸ್‌ಎನ್‌ಎಫ್ ತಗ್ಗುತ್ತವೆ.

ಬೇಸಿಗೆಯ ಬಿಸಿಲು ಮತ್ತೊಂದು ಹೊಡೆತ. ಹೋಲ್‌ಸ್ಟೀನ್ ಫ್ರೀಸಿಯನ್ ರಕ್ತದ ಹಸುಗಳಿಗೆ 25 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಬಾಧೆ ತೋರತೊಡಗುತ್ತದೆ. ಅವು ಮೇವು ಬಿಡುತ್ತವೆ, ಏದುಸಿರು ಬಿಡುತ್ತವೆ, ಮೆಲುಕು ಹಾಕುವುದು ಕಡಿಮೆಯಾಗುತ್ತದೆ. ಮೆಲುಕಿನ ಜೊಲ್ಲು ಹೊಟ್ಟೆಯ ಆಮ್ಲವನ್ನು ಶಮನಗೊಳಿಸುವಂಥದು. ಅದು ಕುಗ್ಗಿದಾಗ ಜಿಡ್ಡೂ ಇಳಿಯುತ್ತದೆ.

ಮುಂಗಾರಿನ ಮೊದಲ ಎಳೆಹುಲ್ಲು ಬಂದಾಗ ಹಾಲಿನ ಅಳತೆ ಏರುತ್ತದೆ, ಆದರೆ ನಾರು ಕಡಿಮೆಯಿರುವುದರಿಂದ ಜಿಡ್ಡಿನ ಶೇಕಡಾವಾರು ಪ್ರಮಾಣ ಇಳಿಯಬಹುದು. ಹಸಿರು ಮೇವಿನ ಕ್ಯಾರೋಟಿನ್‌ನಿಂದ ಬೆಣ್ಣೆಗೆ ಹಳದಿ ಬಣ್ಣ ಬರುತ್ತದೆ. ಕೊಟ್ಟಿಗೆ ಕೆಸರಾದಾಗ ಕೆಚ್ಚಲು ಬಾವು ಹೆಚ್ಚುತ್ತದೆ. ಅದೂ ಲ್ಯಾಕ್ಟೋಸ್ ಮತ್ತು ಎಸ್‌ಎನ್‌ಎಫ್ ತಗ್ಗಿಸುತ್ತದೆ. ರಾಗಿ ಕೊಯ್ಲಿನ ನಂತರದ ಚಳಿಗಾಲದಲ್ಲಿ ಹೊಸ ಹುಲ್ಲೂ ತಂಪೂ ಒಟ್ಟಿಗೆ ದೊರೆಯುವುದರಿಂದ ಹಾಲು ಸಾಮಾನ್ಯವಾಗಿ ಗಟ್ಟಿಯಾಗಿರುತ್ತದೆ.

ಎರಡೂ ಕಾರಣಗಳು ಕೂಡಿದಾಗ

ಫೆಬ್ರವರಿಯಲ್ಲಿ ಈದ ಹಸುವಿನ ಆರರಿಂದ ಎಂಟನೆಯ ವಾರ ಏಪ್ರಿಲ್ ಹೊತ್ತಿಗೆ ಬೀಳುತ್ತದೆ. ಕರಾವಿನ ಸಹಜ ಇಳಿಕೆ, ಬಿಸಿಲು, ಮೇವಿನ ಕೊರತೆ ಮೂರೂ ಒಮ್ಮೆಗೇ ಸೇರುತ್ತವೆ. ನ್ಯೂಜಿಲೆಂಡಿನಲ್ಲಿ ಬಹುಪಾಲು ಹಸುಗಳು ಒಂದೇ ಋತುವಿನಲ್ಲಿ ಈಯುವುದರಿಂದ ಇಡೀ ದೇಶದ ಹಾಲು ಒಟ್ಟಿಗೆ ಬದಲಾಗುತ್ತದೆ. ಇಲ್ಲಿ ಹಸುಗಳು ವರ್ಷವಿಡೀ ಈಯುತ್ತವೆ. ನೂರಾರು ಮನೆಗಳ ಹಾಲು ಬೆರೆತ ಟ್ಯಾಂಕರಿನಲ್ಲಿ ಕರಾವಿನ ಹಂತದ ವ್ಯತ್ಯಾಸ ಅಳಿಸಿಹೋಗುತ್ತದೆ. ಒಂದೆರಡು ಹಸು ಸಾಕಿರುವ ಮನೆಯ ಕ್ಯಾನಿನಲ್ಲಿ ಮಾತ್ರ ಅದು ಪೂರ್ತಿಯಾಗಿ ಕಾಣುತ್ತದೆ.

ಅಮೃತಮಹಲ್ ಕಾವಲುಗಳು

ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಮೈಸೂರು ಅರಸರ ಅರಮನೆಗೆ ಹಾಲು, ಬೆಣ್ಣೆ ಒದಗಿಸುತ್ತಿದ್ದ ‘ಬೆಣ್ಣೆ ಚಾವಡಿ’ಗೆ ಟಿಪ್ಪು ಸುಲ್ತಾನನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಬಂದಿತು. ಹೆಸರು ಹೀಗಿದ್ದರೂ ಇದು ಎತ್ತುಗಳಿಗಾಗಿ ಪ್ರಸಿದ್ಧವಾದ ತಳಿ. ಹಾಲು ಕಡಿಮೆ, ಕರು ಬಿಡದೆ ಹಸು ತೊರೆ ಬಿಡದು. ಈ ದನಗಳ ಕಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಲಾಗಿತ್ತು. ನೆರಳು ಮತ್ತು ಕೆರೆಯಂಗಳವಿರುವ ಕಾವಲುಗಳು ಬೇಸಿಗೆಗೆ ಮೀಸಲು. ಋತುವಿಗೆ ತಕ್ಕಂತೆ ಹಸುವನ್ನೇ ಮೇವಿದ್ದಲ್ಲಿಗೆ ಒಯ್ಯುವ ಕ್ರಮವಿದು. ಕಟ್ಟಿ ಸಾಕುವ ಮಿಶ್ರತಳಿಗೆ ಆ ಅವಕಾಶವಿಲ್ಲ.

ಪರೀಕ್ಷೆ, ಬೆಲೆ ಮತ್ತು ಸಂಶಯ

ಚಿಕ್ಕಮಗಳೂರು ಜಿಲ್ಲೆಯ ಸಹಕಾರ ಸಂಘಗಳ ಹಾಲು ಹಾಸನ ಹಾಲು ಒಕ್ಕೂಟಕ್ಕೆ ಸೇರುತ್ತಾ ಬಂದಿದೆ. ಹಾಲಿನ ದರ ನಿಗದಿಯಾಗುವುದು ಜಿಡ್ಡು ಮತ್ತು ಎಸ್‌ಎನ್‌ಎಫ್ ನೋಡಿ. ಹಸುವಿನ ಹಾಲಿಗೆ ಭಾರತದ ಆಹಾರ ಸುರಕ್ಷತಾ ನಿಯಮವು ವಿಧಿಸುವ ಕನಿಷ್ಠ ಮಿತಿ ಜಿಡ್ಡು ಶೇ. 3.2, ಎಸ್‌ಎನ್‌ಎಫ್ ಶೇ. 8.3. ಪೊಟ್ಟಣದ ಟೋನ್ಡ್ ಹಾಲಿಗೆ ಎಸ್‌ಎನ್‌ಎಫ್ ಶೇ. 8.5 ಇರಬೇಕು, ಕೊರತೆಯಾದರೆ ಹಾಲಿನ ಪುಡಿ ಬೆರೆಸಿ ತುಂಬಬೇಕಾಗುತ್ತದೆ.

ಬೇಸಿಗೆಯಲ್ಲಿ ಎಸ್‌ಎನ್‌ಎಫ್ ಇಳಿದ ಹಾಲನ್ನು ತಂದವನ ಮೇಲೆ ನೀರು ಬೆರೆಸಿದ ಆರೋಪ ಬರುವುದು ಸುಲಭ. ಲ್ಯಾಕ್ಟೋಮೀಟರ್ ಅಳೆಯುವುದು ಸಾಂದ್ರತೆಯನ್ನು ಮಾತ್ರ. ಇಳಿಕೆಗೆ ಕಾರಣ ಕೊಡವೋ ಕೊಟ್ಟಿಗೆಯೋ ಎಂದು ಅದು ಹೇಳಲಾರದು. ಇದನ್ನು ನಿರ್ಣಯಿಸಲು ಹಾಲು ಹೆಪ್ಪುಗಟ್ಟುವ ಉಷ್ಣತೆಯನ್ನು ಪರೀಕ್ಷಿಸುತ್ತಾರೆ. ಹಾಲಿನಲ್ಲಿ ಕರಗಿರುವ ಸಕ್ಕರೆ ಮತ್ತು ಲವಣಗಳು ಹಸುವಿನ ರಕ್ತದೊಂದಿಗೆ ಸಮತೋಲದಲ್ಲಿರುವುದರಿಂದ ಈ ಉಷ್ಣತೆ ಋತು, ಮೇವು, ಕರಾವಿನ ಹಂತ ಯಾವುದಕ್ಕೂ ಹೆಚ್ಚು ಬಾಗದೆ ಸೊನ್ನೆಗಿಂತ ಅರ್ಧ ಡಿಗ್ರಿ ಸೆಲ್ಸಿಯಸ್‌ಗೂ ತುಸು ಕೆಳಗೇ ನಿಲ್ಲುತ್ತದೆ. ನೀರು ಬೆರೆತರೆ ಅದು ಸೊನ್ನೆಯ ಕಡೆಗೆ ಸರಿಯುತ್ತದೆ. ಉಪಕರಣವಿಲ್ಲದ ಕಡೆ ಇರುವ ಹಳೆಯ ಮಾರ್ಗವೆಂದರೆ ಪರೀಕ್ಷಕರ ಎದುರಿನಲ್ಲೇ ಅದೇ ಹಸುವನ್ನು ಅದೇ ಹೊತ್ತಿನಲ್ಲಿ, ಕೊನೆಯ ಧಾರೆಯವರೆಗೂ ಕರೆದು ಎರಡೂ ಹಾಲನ್ನು ಹೋಲಿಸುವುದು.